ಮಾತಾಡದೆ ನಿಲ್ಲುವ ತಂತ್ರಾಂಶ: ಒಂದು ಪಾಠ



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಇಳಕಲ್ಲಿನಿಂದ ಹೊರಟು, ಹುನಗುಂದ ಅಮೀನಗಡಗಳ ಮಾರ್ಗವಾಗಿ ಬಸ್ಸಿನಲ್ಲಿ ಬಾಗಲಕೋಟೆಗೆ ಬಂದು, ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ ಒಂದು ಗಂಟನ್ನು ನಮ್ಮ ಮುಂದೆ ಇಳಿಸಿದಳು. ಹಳೆಯ ಸೀರೆಯ ಗಂಟು. ಬಿಚ್ಚಿದರೆ ಒಳಗೆ ಕಂಪ್ಯೂಟರಿನ ಪೆಟ್ಟಿಗೆ. ಆಕೆ ಹೇಳಿದ ಮಾತು ಇಷ್ಟೇ: "ಅಕ್ಕೋರ, ಒತ್ತಿದರ ಏನೂ ಆಗೂದಿಲ್ರಿ. ತಪ್ಪಾತು ಅಂತನೂ ಹೇಳೂದಿಲ್ಲ."

ಆಕೆಯ ತಾಯಿ ನೇಕಾರರ ಮನೆಯವರು. ಬೀಸುವಾಗಲೂ ಕುಟ್ಟುವಾಗಲೂ ಸೋಬಾನೆಯ ಸಮಯದಲ್ಲಿಯೂ ಹೇಳುತ್ತಿದ್ದ ಪದಗಳನ್ನು ಮಗಳು ಹನ್ನೊಂದು ವರ್ಷಗಳ ಕಾಲ ಬಿಡುವು ಸಿಕ್ಕಾಗಲೆಲ್ಲ ಕೇಳಿ, ಒಂದು ಕನ್ನಡ ಬರವಣಿಗೆಯ ತಂತ್ರಾಂಶದಲ್ಲಿ ಅಚ್ಚುಮಾಡಿ ಇಟ್ಟಿದ್ದಳು. ಎಲ್ಲ ಸೇರಿ 214 ಪದಗಳು. ತಾಯಿ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಪದಗಳು ಇನ್ನೆಲ್ಲಿಯೂ ಬರೆದಿರಲಿಲ್ಲ. ಹೀಗಿರಲು ಒಂದು ಮುಂಜಾನೆ ಆ ತಂತ್ರಾಂಶದ ಚಿತ್ರದ ಮೇಲೆ ಎರಡು ಸಲ ಒತ್ತಿದರೆ, ಬಾಣದ ಮಗ್ಗುಲಲ್ಲಿ ನೀಲಿ ಉಂಗುರವು ಒಂದು ಗಳಿಗೆ ತಿರುಗಿ ಮಾಯವಾಯಿತು. ಮತ್ತೆ ಒತ್ತಿದರೂ ಹಾಗೆಯೇ. ತಂತ್ರಾಂಶವನ್ನು ತೆಗೆದುಹಾಕಿ ಹೊಸದಾಗಿ ಸ್ಥಾಪಿಸಿದಳು. ಒಮ್ಮೆಯಲ್ಲ, ಮೂರು ಸಲ. ಪ್ರಯೋಜನವಾಗಲಿಲ್ಲ. ದುರಸ್ತಿಯವರೊಬ್ಬರನ್ನು ಕೇಳಿದಾಗ ಅವರು, ಇದಕ್ಕೆ ಹೆಚ್ಚು ವಿಚಾರ ಬೇಡ, ಎಲ್ಲವನ್ನೂ ಒರೆಸಿ ವಿಂಡೋಸನ್ನು ಹೊಸದಾಗಿ ಹಾಕಿದರಾಯಿತು ಎಂದರಂತೆ. ಆಕೆ ಒಪ್ಪದೆ ಪೆಟ್ಟಿಗೆಯನ್ನು ಹೊತ್ತು ನಮ್ಮಲ್ಲಿಗೆ ಬಂದಳು.

ಈ ಸಂಗತಿಯನ್ನೇ ಈ ವರ್ಷದ ಸಂಚಿಕೆಗೆ ಪಾಠವನ್ನಾಗಿ ಬರೆಯಬೇಕೆಂದು ನಮಗೆ ತೋರಿತು. ಯಾಕಂದರೆ ಇಂಥ ತೊಂದರೆಯು ನಿಮ್ಮಲ್ಲಿ ಅನೇಕರ ಮನೆಗಳಲ್ಲಿಯೂ ಅಂಗಡಿಗಳಲ್ಲಿಯೂ ಆಗಿರಬೇಕು, ಇಲ್ಲವೆ ಆದೀತು. ತಪ್ಪು ಇಂಥದ್ದೆಂದು ಹೇಳಿ ನಿಲ್ಲುವ ಯಂತ್ರಕ್ಕೆ ಉಪಾಯ ಮಾಡುವದು ಸುಲಭ. ಏನೂ ಹೇಳದೆ ನಿಲ್ಲುವದರ ಮುಂದೆ ಬುದ್ಧಿವಂತರೂ ಎದೆಗುಂದಿ, ಕೈಗೆ ಸಿಕ್ಕ ಉಪಾಯಗಳನ್ನೆಲ್ಲ ಒಂದರ ಮೇಲೊಂದು ಮಾಡಿ, ಮೊದಲಿದ್ದ ಒಂದು ತೊಂದರೆಗೆ ಇನ್ನೆರಡನ್ನು ಕೂಡಿಸಿಕೊಳ್ಳುತ್ತಾರೆ.

ಕಾರಣವನ್ನು ಹುಡುಕುವದಕ್ಕೆ ಮೊದಲು ನಾವು ಮಾಡಿದ ಕೆಲಸ ಬೇರೆ. ತಂತ್ರಾಂಶವೆಂಬದು ಬೇರೆ, ಅದರಿಂದ ಬರೆದಿಟ್ಟ ಕಡತಗಳು ಬೇರೆ. ಪೆಟ್ಟಿಗೆಯ ಬೀಗ ಕೆಟ್ಟರೆ ಒಳಗಿನ ಸೀರೆ ಸುಟ್ಟುಹೋಗುವದಿಲ್ಲ. ಆದಕಾರಣ ಮೊಟ್ಟಮೊದಲು ಪದಗಳಿದ್ದ ಫೋಲ್ಡರನ್ನು ಹುಡುಕಿ ಎರಡು ಪೆನ್‌ಡ್ರೈವುಗಳಿಗೆ ನಕಲು ಮಾಡಿ, ಒಂದನ್ನು ಆಕೆಯ ಕೈಗೂ ಇನ್ನೊಂದನ್ನು ನಮ್ಮ ಕಪಾಟಿಗೂ ಹಾಕಿದೆವು. ಆಕೆಯ ಮುಖದಲ್ಲಿ ಆಗಲೇ ಅರ್ಧ ಸಮಾಧಾನ ಕಂಡಿತು. ಪೂರಾ ಸಮಾಧಾನವಾಗುವಂತೆ ಇರಲಿಲ್ಲ. ಯಾಕಂದರೆ ಆ ಕಡತಗಳು ಆ ತಂತ್ರಾಂಶದ ಸ್ವಂತ ಮಾದರಿಯವು, ಬೇರೆ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಗೊಂದಲವೇ ಕಾಣುತ್ತಿತ್ತು. ಅದರ ಕಾರಣವನ್ನು ಕಡೆಯಲ್ಲಿ ಹೇಳುವೆವು.

ಇನ್ನು ಪಾಠಕ್ಕೆ ಬರೋಣ. ಚಿತ್ರದ ಮೇಲೆ ಎರಡು ಸಲ ಒತ್ತಿದಾಗ ಏನಾಗುತ್ತದೆ? ಒತ್ತಿದೊಡನೆ ಕಿಟಕಿಯು ತೆರೆಯುತ್ತದೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಕಿಟಕಿಯು ಎಲ್ಲಕ್ಕೂ ಕಡೆಯದು. ಮೊದಲು ವಿಂಡೋಸು ತಂತ್ರಾಂಶದ ಮುಖ್ಯ ಕಡತವನ್ನು ಓದಿ ಅದಕ್ಕೆ ಸ್ಮೃತಿಯಲ್ಲಿ ಒಂದು ಸ್ಥಳವನ್ನು ಕೊಡುತ್ತದೆ. ಆ ಮೇಲೆ ಆ ತಂತ್ರಾಂಶಕ್ಕೆ ಬೇಕಾದ ಸಹಾಯಕ ಕಡತಗಳನ್ನು, ಅಂದರೆ ಡಿಎಲ್‌ಎಲ್ ಎಂಬ ಹೆಸರಿನವುಗಳನ್ನು, ಒಂದೊಂದಾಗಿ ಹುಡುಕಿ ತಂದು ಜೋಡಿಸುತ್ತದೆ. ಕೆಲವು ತಂತ್ರಾಂಶಗಳಿಗೆ ಡಾಟ್ ನೆಟ್ ಎಂಬ ಆಧಾರವ್ಯವಸ್ಥೆಯೂ ಬೇಕು. ಬಳಿಕ ತಂತ್ರಾಂಶವು ತನ್ನ ಹಿಂದಿನ ಏರ್ಪಾಡುಗಳನ್ನು, ಎಂದರೆ ಅಕ್ಷರದ ಗಾತ್ರವೆಷ್ಟು, ಕಡೆಯ ಸಲ ತೆರೆದ ಕಡತ ಯಾವದು ಎಂಬವುಗಳನ್ನು, ಓದಿಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೆ ಕಿಟಕಿ.

ಇಳಕಲ್ಲಿನವರಿಗೆ ಇದನ್ನು ತಿಳಿಸುವದು ಸುಲಭ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಿದ ಮೇಲಲ್ಲವೇ ತೋಪುತೆನೆಯ ಸೆರಗು ಒಡಲಿಗೆ ಕೂಡುವದು? ಕೊಂಡಿ ಕೂಡದಿದ್ದರೆ ಸೆರಗು ತಪ್ಪಾಗಿ ಬರುವದಿಲ್ಲ, ಬರುವದೇ ಇಲ್ಲ. ತಂತ್ರಾಂಶವು ಕಿಟಕಿಯ ಮೂಲಕವೇ ನಮ್ಮೊಡನೆ ಮಾತಾಡತಕ್ಕದ್ದು. ಕಿಟಕಿ ತೆರೆಯುವದಕ್ಕೆ ಮೊದಲೇ ಒಂದು ಕೊಂಡಿ ತಪ್ಪಿದರೆ ಅದಕ್ಕೆ ಮಾತಾಡುವ ಬಾಯಿಯೇ ಇರುವದಿಲ್ಲ. ಮೌನಕ್ಕೆ ಮುಖ್ಯ ಕಾರಣ ಇದು. ಮತ್ತೊಂದು ಕಾರಣವೂ ಉಂಟು: ತಂತ್ರಾಂಶವನ್ನು ಬರೆದವರು ತಾವು ಮುಂದಾಗಿ ಊಹಿಸಿದ ತಪ್ಪುಗಳಿಗೆ ಮಾತ್ರ ಎಚ್ಚರಿಕೆಯ ಮಾತನ್ನು ಬರೆದಿಟ್ಟಿರುತ್ತಾರೆ. ಊಹಿಸದ ತಪ್ಪಿಗೆ ಮಾತಿಲ್ಲ.

ಆದರೆ ತಂತ್ರಾಂಶವು ಸುಮ್ಮನಿದ್ದರೂ ವಿಂಡೋಸು ಸುಮ್ಮನಿರುವದಿಲ್ಲ. ಅದು ತನ್ನ ದಿನಚರಿಯಲ್ಲಿ ಹೊತ್ತು ಗಳಿಗೆ ಸಹಿತ ಅನೇಕ ಸಂಗತಿಗಳನ್ನು ಬರೆದಿಡುತ್ತದೆ. ನಾವು ಅಲ್ಲಿ ನೋಡುವದಿಲ್ಲ, ಅಷ್ಟೇ. ಗಣಕಯಂತ್ರಗಳವರಿಗೆ ಈ ದಿನಚರಿಯ ಪದ್ಧತಿ ಮೊದಲಿನಿಂದಲೂ ಇದೆ. 1947ನೆಯ ಸಪ್ಟೆಂಬರ 9ರಂದು ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಯಂತ್ರವು ತಪ್ಪತೊಡಗಿದಾಗ, ನಡೆಸುವವರು ಹುಡುಕಿ ನೋಡಲು, ಒಂದು ರಿಲೇಯ ನಡುವೆ ಪತಂಗದ ಹುಳವೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದು ದಿನಚರಿಯ ಪುಟಕ್ಕೇ ಅಂಟಿಸಿ, ವೇಳೆಯನ್ನೂ ಬರೆದರು. ಆ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ ಗ್ರೇಸ್ ಹಾಪರ್ ಎಂಬ ಗಣಿತಜ್ಞೆಯು ಮುಂದೆ ಈ ಕಥೆಯನ್ನು ಮೇಲಿಂದ ಮೇಲೆ ಹೇಳಿ ಪ್ರಸಿದ್ಧಪಡಿಸಿದಳು. ಹುಳವನ್ನು ಹಿಡಿದವಳು ಆಕೆಯೇ ಎಂದು ಅನೇಕರು ಬರೆಯುತ್ತಾರೆ, ಅದು ಸರಿಯಲ್ಲ. ಯಂತ್ರದ ತಪ್ಪಿಗೆ ಹುಳವೆಂಬ ಅರ್ಥದ ಇಂಗ್ಲಿಷ್ ಹೆಸರೂ ಅದಕ್ಕಿಂತ ಹಳೆಯದೇ. ಆದರೂ ಹುಳವನ್ನು ಎಸೆಯದೆ, ದಿನ ವೇಳೆಗಳೊಡನೆ ಪುಸ್ತಕದಲ್ಲಿ ಇಟ್ಟದ್ದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನು ಶಕವರ್ಷ 500 ಎಂದು ಬರೆಯಿಸಿದ್ದರಿಂದಲೇ ಆ ಗುಹೆಯ ಕಾಲವು ಕ್ರಿ.ಶ. 578 ಎಂದು ನಾವು ನಿಶ್ಚಯವಾಗಿ ಹೇಳಬಲ್ಲೆವು. ತಿಥಿಯಿಲ್ಲದ ಮಗ್ಗುಲಿನ ಗುಹೆಗಳ ವಿಷಯದಲ್ಲಿ ಊಹಿಸಬೇಕಾಗಿದೆ.

ಬಾದಾಮಿಯ ಹೆಸರು ಬಂದದ್ದರಿಂದ ಅಲ್ಲಿಯ ಒಂದು ಪ್ರಸಂಗವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಅಲ್ಲಿ ಶಿಕ್ಷಕಿಯಾಗಿರುವ ನಮ್ಮ ಇನ್ನೊಬ್ಬ ವಿದ್ಯಾರ್ಥಿನಿಯು ಶನಿವಾರ ಶಾಲೆಯ ಸಭಾಗೃಹದಲ್ಲಿ ಗುಹೆಗಳ ಚಿತ್ರಗಳನ್ನು ಪ್ರೊಜೆಕ್ಟರಿನಿಂದ ಮಕ್ಕಳಿಗೆ ತೋರಿಸಿದಳು. ಸೋಮವಾರ ಮನೆಯಲ್ಲಿ ಅದೇ ತಂತ್ರಾಂಶವನ್ನು ಒತ್ತಿದರೆ ಏನೂ ಕಾಣಲಿಲ್ಲ. ಫೋನಿನಲ್ಲಿ ಅಳುದನಿಯಿಂದ ಹೇಳಿದಳು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಕೂಡಿಯೇ ಒತ್ತು ಎಂದೆವು. ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬದು ತೆರೆಯುತ್ತದೆ. ಆ ಗಳಿಗೆಯಲ್ಲಿ ಯಂತ್ರದೊಳಗೆ ಯಾವ ಯಾವ ತಂತ್ರಾಂಶಗಳು ನಡೆದಿವೆಯೆಂಬ ಹಾಜರಿಪಟ್ಟಿಯೇ ಅದು. ನೋಡಿದರೆ ಆಕೆಯ ತಂತ್ರಾಂಶವು ಪಟ್ಟಿಯಲ್ಲಿ ಹಾಜರಿತ್ತು! ತೆರೆದೇ ಇತ್ತು, ಆದರೆ ಶನಿವಾರ ಸಭಾಗೃಹದ ಪರದೆಯಿದ್ದ ಸ್ಥಳದಲ್ಲಿ, ಅಂದರೆ ಮನೆಯಲ್ಲಿ ಇಲ್ಲದ ಎರಡನೆಯ ಪರದೆಯ ಮೇಲೆ, ತೆರೆದಿತ್ತು. ಕೆಳಗಿನ ಪಟ್ಟಿಯಲ್ಲಿರುವ ಅದರ ಚಿತ್ರವನ್ನು ಒಮ್ಮೆ ಒತ್ತಿ, ಆಲ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಕೂಡಿಸಿ ಒತ್ತಿ, ಬಳಿಕ ಎಂ ಅಕ್ಷರವನ್ನೊತ್ತಿ, ಬಾಣದ ಕೀಲಿಗಳಿಂದ ಸರಿಸುತ್ತ ಬಂದರೆ, ಕಿಟಕಿಯು ಗೋಡೆಯ ಮರೆಯಿಂದ ಬಂದಂತೆ ಮೆಲ್ಲನೆ ಪರದೆಯೊಳಗೆ ಬಂತು.

ಆದಕಾರಣ ಕಾರಣವನ್ನು ಹುಡುಕುವವರು ಮೊದಲು ಹಾಜರಿಪಟ್ಟಿಯನ್ನು ನೋಡತಕ್ಕದ್ದು. ತಂತ್ರಾಂಶವು ಪಟ್ಟಿಯಲ್ಲಿ ಬಂದು ನಿಂತಿದೆಯೋ, ಬಂದ ಕ್ಷಣದಲ್ಲಿಯೇ ಹೊರಟುಹೋಗುತ್ತಿದೆಯೋ ಎಂಬದರ ಮೇಲೆ ಮುಂದಿನ ದಾರಿ ಎರಡಾಗಿ ಒಡೆಯುತ್ತದೆ. ನಿಂತಿದ್ದರೆ ತಂತ್ರಾಂಶಕ್ಕೆ ಜೀವವಿದೆ. ಕಿಟಕಿಯು ಪರದೆಯ ಹೊರಗಿರಬಹುದು. ಅಥವಾ ನಿನ್ನೆ ಮುಚ್ಚಿದೆವೆಂದು ತಿಳಿದ ಪ್ರತಿಯೇ ಅರೆಜೀವವಾಗಿ ಉಳಿದು, ಹೊಸ ಪ್ರತಿಯನ್ನು ಒಳಗೆ ಬರಗೊಡದೆ ಇರಬಹುದು. ಅನೇಕ ತಂತ್ರಾಂಶಗಳು ಒಂದು ಹೊತ್ತಿಗೆ ಒಂದೇ ಪ್ರತಿ ನಡೆಯಬೇಕೆಂಬ ನಿಯಮವುಳ್ಳವು. ಅದನ್ನು ಪಟ್ಟಿಯಲ್ಲಿಯೇ ಹಿಡಿದು ಎಂಡ್ ಟಾಸ್ಕ್ ಒತ್ತಿ ಮುಗಿಸಿದರೆ ಸರಿಹೋಗುತ್ತದೆ. ಯಂತ್ರವನ್ನು ಆರಿಸಿ ಹೊತ್ತಿಸಿದಾಗ ಎಷ್ಟೋ ತೊಂದರೆಗಳು ತಾವೇ ಹೋಗುವದರ ಗುಟ್ಟೂ ಇದೇ. ಕನ್ನಡದ ಕೀಲಿಮಣೆ ತಂತ್ರಾಂಶಗಳಲ್ಲಿ ಕೆಲವು ಕಿಟಕಿಯನ್ನೇ ತೆರೆಯುವದಿಲ್ಲ. ಗಡಿಯಾರದ ಮಗ್ಗುಲಲ್ಲಿ ಸಣ್ಣ ಚಿತ್ರವಾಗಿ ಕುಳಿತಿರುತ್ತವೆ. ಅಲ್ಲಿ ನೋಡದೆ, ತೆರೆಯಲಿಲ್ಲವೆಂದು ಹತ್ತು ಸಲ ಒತ್ತಿದವರನ್ನು ನಾವು ಬಲ್ಲೆವು. ಆ ಪೈಕಿ ಒಮ್ಮೆ ನಾವೂ ಇದ್ದೆವು.

ಇಳಕಲ್ಲಿನ ಯಂತ್ರದಲ್ಲಿ ಹೀಗಾಗಲಿಲ್ಲ. ಹೆಸರು ಪಟ್ಟಿಯಲ್ಲಿ ಮಿಂಚಿನಂತೆ ಬಂದು ಹೋಯಿತು. ಅಂದರೆ ತಂತ್ರಾಂಶವು ಹೊರಟಿತ್ತು, ದಾರಿಯಲ್ಲಿ ಬಿದ್ದಿತ್ತು. ಇಂಥ ಸಮಯದಲ್ಲಿ ದಿನಚರಿಯನ್ನು ತೆರೆಯಬೇಕು. ಇವೆಂಟ್ ವ್ಯೂವರ್ ಎಂದು ಅದರ ಹೆಸರು. ಸ್ಟಾರ್ಟ್ ಒತ್ತಿ ಈ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಸಿಗುತ್ತದೆ. ಅದರ ಎಡಗಡೆಯಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ತೆರೆದೊಡನೆ ಸಾವಿರಾರು ಸಾಲುಗಳು ಕಾಣುವವು, ಕೆಂಪು ಗುರುತಿನವೂ ಬಹಳ. ಹೆದರಬಾರದು, ಆರೋಗ್ಯವಂತ ಯಂತ್ರದಲ್ಲಿಯೂ ಕೆಂಪು ಗುರುತುಗಳು ಇದ್ದೇ ಇರುತ್ತವೆ. ಗಡಿಯಾರವನ್ನು ನೋಡಿ ಚೀಟಿಯ ಮೇಲೆ ವೇಳೆಯನ್ನು ಬರೆದುಕೊಂಡು, ತಂತ್ರಾಂಶವನ್ನು ಒಮ್ಮೆ ಮಾತ್ರ ಒತ್ತಿ, ಬಳಿಕ ದಿನಚರಿಯಲ್ಲಿ ಆ ನಿಮಿಷದ ಸಾಲನ್ನು ಮಾತ್ರ ಓದಬೇಕು.

ಅಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳು ಮೂರು. 1000 ಎಂಬ ಅಂಕಿಯ ಸಾಲು ಅಪ್ಲಿಕೇಶನ್ ಎರರ್ ಎಂಬದು. ಬಿದ್ದ ತಂತ್ರಾಂಶದ ಹೆಸರನ್ನೂ, ಯಾವ ಕಡತದೊಳಗೆ ಕಾಲಿಟ್ಟಾಗ ಬಿತ್ತೆಂಬದನ್ನೂ ಅದು ತಿಳಿಸುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಕಡತದ ಹೆಸರು ಕರ್ನೆಲ್‌ಬೇಸ್ ಎಂದಿದ್ದರೆ ಅದನ್ನೇ ತಪ್ಪಿತಸ್ಥನೆಂದು ತಿಳಿಯಬಾರದು. ಅದು ವಿಂಡೋಸಿನ ಸ್ವಂತ ಕಡತ, ಬಹಳ ಸಲ ಸುದ್ದಿ ತಂದ ಓಲೆಕಾರ ಮಾತ್ರ. ಆದರೆ ಪ್ರಿಂಟರಿನದೋ ಬೇರೆ ಯಾವದೋ ತಂತ್ರಾಂಶದ್ದೋ ಕಡತದ ಹೆಸರು ಅಲ್ಲಿದ್ದರೆ ಅದು ಒಳ್ಳೆಯ ಸುಳಿವು. 33 ಎಂಬ ಅಂಕಿಯೊಡನೆ ಸೈಡ್ ಬೈ ಸೈಡ್ ಎಂದಿದ್ದರೆ ಬೇಕಾದ ಸಹಾಯಕ ಕಡತಗಳು ಇಲ್ಲವೆಂದರ್ಥ. ಮೈಕ್ರೋಸಾಫ್ಟಿನವರು ಪುಕ್ಕಟೆಯಾಗಿ ಕೊಡುವ ವಿಶುವಲ್ ಸಿ ಪ್ಲಸ್ ಪ್ಲಸ್ ಎಂಬ ಕಟ್ಟನ್ನು ಸ್ಥಾಪಿಸಿದರೆ ಪ್ರಾಯಶಃ ಸರಿಹೋದೀತು. 1026 ಎಂಬದು ಡಾಟ್ ನೆಟ್ಟಿನ ಸಾಲು. ಇದರಲ್ಲಿ ತಪ್ಪಿನ ಜಾತಿಯನ್ನೇ ಹೆಸರಿಟ್ಟು ಬರೆದಿರುತ್ತದೆ.

ದಿನಚರಿಯಲ್ಲಿ ಏನೂ ಇಲ್ಲದಿದ್ದರೋ? ಅದೂ ಒಂದು ಉತ್ತರವೇ. ಹುನಗುಂದದಲ್ಲಿ ಅರ್ಜಿಗಳನ್ನು ಅಚ್ಚುಮಾಡಿಕೊಡುವ ಅಂಗಡಿಯನ್ನಿಟ್ಟಿರುವ ಪಾಲಕರೊಬ್ಬರಿಗೆ ಹೀಗಾಯಿತು. ಅವರ ಕನ್ನಡ ಕೀಲಿಮಣೆಯ ತಂತ್ರಾಂಶವು ಒಂದು ದಿನ ತೆರೆಯದಾಯಿತು. ಹಾಜರಿಪಟ್ಟಿಯಲ್ಲಿ ಹೆಸರಿಲ್ಲ, ದಿನಚರಿಯಲ್ಲಿ ಸಾಲಿಲ್ಲ. ಹೊರಡದವನು ದಾರಿಯಲ್ಲಿ ಬೀಳುವದೆಂತು? ಹೊರಡುವದಕ್ಕೆ ಮೊದಲೇ ಯಾರೋ ತಡೆದಿರಬೇಕೆಂದು ನಮಗೆ ಅನುಮಾನವಾಯಿತು. ವಿಂಡೋಸ್ ಸೆಕ್ಯುರಿಟಿಯಲ್ಲಿ ಪ್ರೊಟೆಕ್ಷನ್ ಹಿಸ್ಟರಿ ಎಂಬಲ್ಲಿ ನೋಡಲು, ಆಂಟಿವೈರಸ್ಸು ಮುಖ್ಯ ಕಡತವನ್ನೇ ಹಿಡಿದು ಸೆರೆಯಲ್ಲಿಟ್ಟಿತ್ತು.

ನಮ್ಮ ಭಾಷೆಯ ತಂತ್ರಾಂಶಗಳಿಗೆ ಈ ಆಪತ್ತು ವಿಶೇಷವಾಗಿ ಬರುವದಕ್ಕೆ ಕಾರಣವುಂಟು. ಕೀಲಿಮಣೆಯ ಮೇಲೆ ಅಚ್ಚಾಗಿರುವದು ಇಂಗ್ಲಿಷ್ ಅಕ್ಷರ. ಕೆ ಎಂಬ ಕೀಲಿಯನ್ನು ಒತ್ತಿದರೆ ಕ ಮೂಡಬೇಕಾದರೆ, ಒತ್ತಿದ ಕೀಲಿಯು ಬರವಣಿಗೆಯ ಕಿಟಕಿಗೆ ಮುಟ್ಟುವದಕ್ಕೆ ಮೊದಲೇ ಒಬ್ಬರು ನಡುವೆ ನಿಂತು ಅದನ್ನು ಹಿಡಿದು ಬದಲಿಸಬೇಕು. ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ, ಉಚ್ಚಾರವನ್ನು ಅನುಸರಿಸುವ ಕೀಲಿಮಣೆಯ ಕ್ರಮವನ್ನು ನಡೆಸಿಕೊಡುವ ತಂತ್ರಾಂಶಗಳಲ್ಲಿ ಬಹಳವು ಹೀಗೆ ಕೆಲಸ ಮಾಡತಕ್ಕವು. ಆದರೆ ಗುಪ್ತಶಬ್ದಗಳನ್ನು ಕದಿಯುವ ದುಷ್ಟ ತಂತ್ರಾಂಶಗಳು ಮಾಡುವದೂ ಇದನ್ನೇ: ಒತ್ತಿದ ಪ್ರತಿಯೊಂದು ಕೀಲಿಗೂ ಕಿವಿಗೊಟ್ಟು ಕೂಡ್ರುವದು. ಕಾವಲುಗಾರನಿಗೆ ಇಬ್ಬರ ನಡಿಗೆಯೂ ಒಂದೇ ತೆರನಾಗಿ ಕಾಣುತ್ತದೆ.

ಹಾಗಾದರೆ ಆಂಟಿವೈರಸ್ಸನ್ನು ಆರಿಸಿಬಿಡೋಣವೆಂದು ಆ ಪಾಲಕರು ಹೇಳಿದರು. ನಾವು ಒಪ್ಪಲಿಲ್ಲ. ತಂತ್ರಾಂಶವು ಎಲ್ಲಿಂದ ಬಂದದ್ದೆಂದು ಕೇಳಿದೆವು. ಯಾರೋ ಗಿರಾಕಿಯ ಪೆನ್‌ಡ್ರೈವಿನಿಂದ ಬಂದದ್ದೆಂದು ಉತ್ತರ. ಅರ್ಜಿಗಳಲ್ಲಿ ಜನರ ಬ್ಯಾಂಕಿನ ಅಂಕಿಗಳೂ ಆಧಾರದ ಅಂಕಿಗಳೂ ಇರುವ ಅಂಗಡಿಯಲ್ಲಿ, ಊರೂರು ತಿರುಗಿದ ಪ್ರತಿಯನ್ನು ಸೆರೆಯಿಂದ ಬಿಡಿಸಲು ನಮಗೆ ಧೈರ್ಯವಾಗಲಿಲ್ಲ. ಅದನ್ನು ಅಲ್ಲಿಯೇ ಬಿಟ್ಟು, ತಯಾರಿಸಿದವರ ಸ್ವಂತ ಜಾಲತಾಣದಿಂದ ಹೊಸ ಪ್ರತಿಯನ್ನು ತರಿಸಿ ಹಾಕಿದೆವು. ಕಾವಲುಗಾರನು ಚಕಾರವೆತ್ತಲಿಲ್ಲ. ಆ ಹಳೆಯ ಪ್ರತಿಯಲ್ಲಿ ಏನಿತ್ತೋ ದೇವರೇ ಬಲ್ಲ.

ಇನ್ನೂ ಒಂದೆರಡು ಕಾರಣಗಳನ್ನು ಬೇಗನೆ ಹೇಳಿ ಮುಂದೆ ಹೋಗುವೆವು. ವಿಂಡೋಸ್ 7ರಲ್ಲಿ ಡಾಟ್ ನೆಟ್ 3.5 ಎಂಬದು ಜೊತೆಯಲ್ಲಿಯೇ ಸಿದ್ಧವಾಗಿ ಬರುತ್ತಿತ್ತು. ವಿಂಡೋಸ್ 8ರಿಂದೀಚೆಗೆ ಹಾಗಿಲ್ಲ, ಬೇಕಾದವರು ಚಾಲು ಮಾಡಿಕೊಳ್ಳಬೇಕು. ಹಳೆಯ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಒತ್ತಿದಾಗ ಬಹುಮಟ್ಟಿಗೆ ವಿಂಡೋಸೇ ಇದನ್ನು ಕೇಳುತ್ತದೆ. ಮಕ್ಕಳು ಏನೆಂದು ಓದದೆ ಬೇಡವೆಂದು ಒತ್ತಿಬಿಟ್ಟಿರುತ್ತಾರೆ. ಎರಡನೆಯದು ಅಧಿಕಾರದ ಮಾತು. 2007ರಲ್ಲಿ ವಿಸ್ಟಾ ಬಂದಂದಿನಿಂದ ಸಾಮಾನ್ಯ ಬಳಕೆದಾರರ ತಂತ್ರಾಂಶಗಳು ಯಂತ್ರದ ಮುಖ್ಯ ಫೋಲ್ಡರುಗಳಲ್ಲಿ ಮನಬಂದಂತೆ ಬರೆಯುವಂತಿಲ್ಲ. ಅದಕ್ಕಿಂತ ಹಿಂದಿನ ತಂತ್ರಾಂಶಗಳಲ್ಲಿ ಕೆಲವು ಈ ಕಟ್ಟಳೆಯನ್ನರಿಯದೆ ಮುಗ್ಗರಿಸುತ್ತವೆ. ಚಿತ್ರದ ಮೇಲೆ ಬಲಗುಂಡಿಯನ್ನೊತ್ತಿ, ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂಬದನ್ನು ಆರಿಸಿದರೆ ತೆರೆಯುವದುಂಟು. ಇದನ್ನು ಪರೀಕ್ಷೆಗಾಗಿ ಒಮ್ಮೆ ಮಾಡಿ ನೋಡಬಹುದು. ದಿನಾಲೂ ಹಾಗೆಯೇ ನಡೆಸುವದೆಂದರೆ ಹಾಲಿನವನಿಗೆ ತಿಜೋರಿಯ ಕೀಲಿಕೈ ಕೊಟ್ಟಂತೆ, ನಮಗೆ ಸೇರುವದಿಲ್ಲ.

ಮೂರನೆಯ ಪರೀಕ್ಷೆಯು ಇವೆಲ್ಲಕ್ಕಿಂತ ಬೆಲೆಯುಳ್ಳದ್ದು, ಆದರೂ ಅದನ್ನು ಬಲ್ಲವರು ಕಡಿಮೆ. ಯಂತ್ರದಲ್ಲಿ ಇನ್ನೊಬ್ಬ ಬಳಕೆದಾರನ ಹೆಸರಿನಿಂದ ಹೊಸ ಖಾತೆಯನ್ನು ತೆರೆದು, ಅಲ್ಲಿಂದ ಅದೇ ತಂತ್ರಾಂಶವನ್ನು ಒತ್ತಿ ನೋಡುವದು. ಅಲ್ಲಿಯೂ ತೆರೆಯದಿದ್ದರೆ ದೋಷವು ತಂತ್ರಾಂಶದಲ್ಲಿ ಅಥವಾ ಅದರ ಆಧಾರಗಳಲ್ಲಿದೆ. ಅಲ್ಲಿ ತೆರೆದು ಇಲ್ಲಿ ತೆರೆಯದಿದ್ದರೆ ತಂತ್ರಾಂಶವು ನಿರ್ದೋಷಿ. ದೋಷವು ಮೊದಲಿನ ಬಳಕೆದಾರನ ಹೆಸರಿನಲ್ಲಿ ಉಳಿದಿರುವ ಏರ್ಪಾಡುಗಳಲ್ಲಿದೆ.

ಇಳಕಲ್ಲಿನ ಯಂತ್ರದಲ್ಲಿ ದಿನಚರಿಯನ್ನು ತೆರೆದಾಗ 1026ರ ಸಾಲು ಸಿಕ್ಕಿತು. ತಪ್ಪಿನ ಹೆಸರು ಕಾನ್ಫಿಗರೇಶನ್ ಎರರ್ಸ್ ಎಕ್ಸೆಪ್ಶನ್. ಎಂದರೆ ಏರ್ಪಾಡುಗಳನ್ನು ಓದುವಲ್ಲಿ ತಪ್ಪಾಯಿತೆಂದು. ಹೊಸ ಖಾತೆಯನ್ನು ತೆರೆದು ಒತ್ತಿದೆವು. ಅಲ್ಲಿ ತಂತ್ರಾಂಶವು ಚಂದವಾಗಿ ತೆರೆಯಿತು! ಅಲ್ಲಿಗೆ ನೂರು ಅನುಮಾನಗಳಲ್ಲಿ ತೊಂಬತ್ತೊಂಬತ್ತು ಹೋದವು. ಆಪ್‌ಡೇಟಾ ಎಂಬ ಫೋಲ್ಡರು ಸಾಮಾನ್ಯವಾಗಿ ಕಣ್ಣಿಗೆ ಕಾಣದಂತೆ ಮರೆಯಾಗಿರುತ್ತದೆ. ವ್ಯೂ ಎಂಬಲ್ಲಿ ಮರೆಯಾದವುಗಳನ್ನೂ ತೋರಿಸು ಎಂಬ ಗುರುತನ್ನು ಹಾಕಿ, ಅದರೊಳಗೆ ಲೋಕಲ್ ಎಂಬಲ್ಲಿ ತಂತ್ರಾಂಶದವರ ಹೆಸರಿನ ಫೋಲ್ಡರನ್ನು ಹೊಕ್ಕು ನೋಡಲು, ಯೂಸರ್ ಡಾಟ್ ಕಾನ್ಫಿಗ್ ಎಂಬ ಪುಟ್ಟ ಕಡತ. ಗಾತ್ರವು ಎರಡು ಕಿಲೋಬೈಟಿನಷ್ಟು ಎಂದು ತೋರಿಸುತ್ತಿತ್ತು. ನೋಟ್‌ಪ್ಯಾಡಿನಲ್ಲಿ ತೆರೆದರೆ ಒಳಗೆ ಒಂದಕ್ಷರವೂ ಇಲ್ಲ, ಬರಿದಾದ ಹಾಳೆ.

"ಆ ದಿನದ ಹಿಂದಿನ ರಾತ್ರಿ ಏನಾಗಿತ್ತು?" ಎಂದು ಕೇಳಿದೆವು.

ಆಕೆ ನೆನಪು ಮಾಡಿಕೊಂಡು, "ಮಳಿ ಗಾಳಿ ಭಾಳ ಇತ್ರಿ. ಬರಕೊಂತ ಕುಂತಾಗನ ಕರೆಂಟ್ ಹೋತು. ಬ್ಯಾಟರಿ ಪೆಟಿಗಿ ಕೆಟ್ಟು ವರ್ಷ ಆಗೇತ್ರಿ," ಎಂದಳು.

ಸಂಗತಿ ಆಗ ತಿಳಿಯಾಯಿತು. ಕಡತವೊಂದನ್ನು ಬರೆಯುವಾಗ ಯಂತ್ರವು ಅದರ ಗಾತ್ರವಿಷ್ಟು, ಸ್ಥಳವಿಲ್ಲಿ ಎಂಬದನ್ನು ಮೊದಲು ದಾಖಲೆಮಾಡಿ, ಒಳಗಿನ ಅಕ್ಷರಗಳನ್ನು ಕೆಲವು ಗಳಿಗೆ ಸ್ಮೃತಿಯಲ್ಲಿಯೇ ಇಟ್ಟುಕೊಂಡು ಸಾವಕಾಶವಾಗಿ ಡಿಸ್ಕಿಗೆ ಇಳಿಸುವದುಂಟು. ಆ ನಡುವೆ ವಿದ್ಯುಚ್ಛಕ್ತಿ ಹೋದರೆ ಡಬ್ಬಿಯು ಉಳಿಯುತ್ತದೆ, ಒಳಗಿನ ಕಾಳು ಬೀಳುವದಿಲ್ಲ. ತಂತ್ರಾಂಶವು ಮರುದಿನ ಮುಂಜಾನೆ ಎದ್ದು, ತನ್ನ ಏರ್ಪಾಡುಗಳೆಲ್ಲಿ ಎಂದು ಕಡತವನ್ನು ತೆರೆದು, ಸೊನ್ನೆಗಳನ್ನು ಕಂಡು, ಮುಂದೇನೆಂದು ತಿಳಿಯದೆ ಬಿದ್ದುಹೋಗುತ್ತಿತ್ತು. ಮೂರು ಸಲ ಹೊಸದಾಗಿ ಸ್ಥಾಪಿಸಿದರೂ ಗುಣವಾಗದ್ದು ಯಾಕೆಂದರೆ, ತಂತ್ರಾಂಶವನ್ನು ತೆಗೆದರೂ ಬಳಕೆದಾರನ ಏರ್ಪಾಡುಗಳು ಅವನ ಫೋಲ್ಡರಿನಲ್ಲಿ ಹಾಗೆಯೇ ಉಳಿಯುತ್ತವೆ. ಒಳ್ಳೆಯ ಉದ್ದೇಶದಿಂದಲೇ ಹಾಗೆ ಮಾಡಿದ್ದು; ಇಲ್ಲಿ ಕೇಡಾಯಿತು.

ಆ ಕಡತವನ್ನು ನಾವು ಅಳಿಸಲಿಲ್ಲ. ಹೆಸರಿನ ಮುಂದೆ ಹಳೆಯದು ಎಂದು ಸೇರಿಸಿ ಅಲ್ಲಿಯೇ ಬಿಟ್ಟೆವು. ನಮ್ಮ ಊಹೆ ತಪ್ಪಾಗಿದ್ದರೆ ಮರಳಿ ಮೊದಲಿನಂತೆ ಮಾಡಬೇಕಲ್ಲವೇ? ತಂತ್ರಾಂಶವನ್ನು ಒತ್ತಿದೆವು. ತನ್ನ ಏರ್ಪಾಡಿನ ಕಡತ ಇಲ್ಲದ್ದನ್ನು ಕಂಡು ಅದು ಹೊಸದನ್ನು ತಾನೇ ಬರೆದುಕೊಂಡು ಕಿಟಕಿಯನ್ನು ತೆರೆಯಿತು. ಕೆಲಸಕ್ಕೆ ಹಿಡಿದದ್ದು ಎಲ್ಲ ಕೂಡಿ ಒಂದು ಗಂಟೆಯೊಳಗೆ. ಅಕ್ಷರದ ಗಾತ್ರವನ್ನು ಮಾತ್ರ ಆಕೆ ಮತ್ತೆ ದೊಡ್ಡದು ಮಾಡಿಕೊಳ್ಳಬೇಕಾಯಿತು. ಮೊದಲನೆಯ ಪದ ತೆರೆದಾಗ ಆಕೆ ಓದಲಿಲ್ಲ. ತಾಯಿಯ ಧಾಟಿಯಲ್ಲಿ ಮೆಲ್ಲಗೆ ಹೇಳಿದಳು.

ದುರಸ್ತಿಯವರ ಉಪಾಯದ ವಿಷಯದಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಎಲ್ಲವನ್ನೂ ಒರೆಸಿದ್ದರೆ ಆ ಬರಿದಾದ ಕಡತವೂ ಒರೆಸಿಹೋಗಿ ತಂತ್ರಾಂಶವು ತೆರೆಯುತ್ತಿದ್ದದ್ದು ನಿಶ್ಚಯ. ಆ ಉಪಾಯಕ್ಕೆ ಇಷ್ಟು ಹೆಸರು ಬಂದದ್ದೂ ಹಾಗೆಯೇ. ಆದರೆ ಜೊತೆಯಲ್ಲಿ 214 ಪದಗಳೂ ಹೋಗುತ್ತಿದ್ದವು. ಕಾರಣವು ಯಾರಿಗೂ ತಿಳಿಯುತ್ತಿರಲಿಲ್ಲ. ಬರುವ ಮಳೆಗಾಲದಲ್ಲಿ ಇನ್ನೊಮ್ಮೆ ಕರೆಂಟು ಹೋದಾಗ ಅದೇ ಕಥೆ. ಈಗ ಆಕೆ ಮೊದಲು ಕೊಂಡದ್ದು ಬ್ಯಾಟರಿಯ ಪೆಟ್ಟಿಗೆಯನ್ನು.

ನಿಮ್ಮಲ್ಲಿ ಯಾರಿಗಾದರೂ ಇಂಥ ತೊಂದರೆಯಾಗಿ ಬಲ್ಲವರನ್ನು ಕೇಳಬೇಕಾದರೆ, "ತೆರೆಯುವದಿಲ್ಲ" ಎಂದಷ್ಟೇ ಬರೆಯಬೇಡಿರಿ. ಕಡೆಯ ಸಲ ಯಾವ ದಿನ ಸರಿಯಾಗಿ ತೆರೆದಿತ್ತು, ಆ ಮೇಲೆ ಯಂತ್ರದಲ್ಲಿ ಏನು ಬದಲಾಯಿತು, ಹಾಜರಿಪಟ್ಟಿಯಲ್ಲಿ ಹೆಸರು ನಿಲ್ಲುತ್ತದೋ ಇಲ್ಲವೋ, ದಿನಚರಿಯ ಸಾಲಿನಲ್ಲಿ ಇದ್ದದ್ದೇನು, ಇವನ್ನು ಇದ್ದಕ್ಕಿದ್ದಂತೆ ಬರೆಯಿರಿ. ಫೋನಿನಿಂದ ಆ ಸಾಲಿನ ಚಿತ್ರ ತೆಗೆದು ಕಳಿಸಿದರೆ ಇನ್ನೂ ಒಳ್ಳೆಯದು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಿ, ಮಾಡಿದ್ದನ್ನು ಚೀಟಿಯಲ್ಲಿ ಬರೆದಿಡಿರಿ. ಐದು ಬದಲಾವಣೆಗಳನ್ನು ಕೂಡಿಯೇ ಮಾಡಿದರೆ ಗುಣವಾದರೂ ಯಾವದರಿಂದ ಗುಣವಾಯಿತೆಂದು ತಿಳಿಯದು. ಇದನ್ನು ನಾವು ವಿಜ್ಞಾನದ ತರಗತಿಯಲ್ಲಿ ನಿಮಗೆ ಬೇಸರ ಬರುವಷ್ಟು ಸಲ ಹೇಳಿದ್ದೆವು.

ಕಡತಗಳು ಬೇರೆ ಕಡೆ ಗೊಂದಲವಾಗಿ ಕಾಣುವ ಮಾತು ಉಳಿಯಿತು. ಕನ್ನಡಕ್ಕೆ ಯೂನಿಕೋಡ್ ಎಂಬ ಸರ್ವಸಮ್ಮತ ಸಂಕೇತಪಟ್ಟಿಯಲ್ಲಿ ಸ್ಥಾನವು 1991ರಲ್ಲಿಯೇ ದೊರೆತಿತ್ತು. ವಿಂಡೋಸಿನಲ್ಲಿ ಅದರಂತೆ ಕನ್ನಡವನ್ನು ಬರೆದು ಓದುವ ಅನುಕೂಲವು 2001ರ ಎಕ್ಸ್‌ಪಿಯಿಂದ ಬಂತು. ಅದಕ್ಕೆ ಮೊದಲಿನ ತಂತ್ರಾಂಶಗಳೂ, ಅದೇ ಕ್ರಮವನ್ನು ಮುಂದುವರಿಸಿದ ಕೆಲವೂ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಅಕ್ಷರಖಂಡಗಳನ್ನು, ತಲೆಕಟ್ಟು ಕೊಂಬು ಒತ್ತುಗಳನ್ನು, ಕೂಡ್ರಿಸಿದ್ದವು. ಅಚ್ಚುಕೂಟದ ಮೊಳೆಗಳ ಹಾಗೆ. ಆ ಅಚ್ಚಿನ ಫಾಂಟು ಇದ್ದಲ್ಲಿ ಕನ್ನಡ. ಇಲ್ಲದಲ್ಲಿ ಅರ್ಥವಿಲ್ಲದ ಗೀಟುಗಳು. ಹಾಗೆ ಬರೆದಿಟ್ಟ ಬರಹಗಳು ನಿಮ್ಮ ಮನೆಗಳಲ್ಲಿ, ಸಂಘಗಳಲ್ಲಿ ಎಷ್ಟಿವೆಯೋ! ಅವುಗಳನ್ನು ತೆರೆಯುವ ತಂತ್ರಾಂಶವು ಇನ್ನೂ ತೆರೆಯುತ್ತಿರುವಾಗಲೇ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳುವದು ಒಳ್ಳೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಆಧಾರವು 2025ನೆಯ ಅಕ್ಟೋಬರ 14ಕ್ಕೆ ಮುಗಿದದ್ದರಿಂದ ಯಂತ್ರಗಳನ್ನು ಬದಲಿಸುವವರು ಬಹಳ ಜನರಾಗಿದ್ದಾರೆ. ಹೊಸ ಯಂತ್ರದಲ್ಲಿ ಹಳೆಯ ತಂತ್ರಾಂಶ ನಡೆದೀತೆಂಬ ಭರವಸೆಯಿಲ್ಲ.

ಬದಲಿಸುವ ಉಪಕರಣಗಳು ಸಿಗುತ್ತವೆ. ಆದರೆ ಅವುಗಳಿಂದ ಬಂದದ್ದನ್ನು ಕಣ್ಣಿಟ್ಟು ಓದದೆ ನಂಬಬಾರದು. ಅರ್ಕಾವತ್ತು ಮಗ್ಗುಲಿನ ಅಕ್ಷರಕ್ಕೆ ಜಿಗಿಯುವದು, ಒತ್ತಕ್ಷರವು ಬಿಟ್ಟುಹೋಗುವದು, ಕನ್ನಡದ ಸೊನ್ನೆಯು ಅನುಸ್ವಾರವಾಗುವದು ಇವೆಲ್ಲ ಉಂಟು. ಆಡುನುಡಿಯ ಪದಗಳಲ್ಲಿ ತಪ್ಪಾವದು, ತಾಯಿಯ ಬಾಯಿಯ ಮಾತಾವದು ಎಂಬದನ್ನು ಯಂತ್ರವು ಹೇಳಲಾರದು. ಇಳಕಲ್ಲಿನ ನಮ್ಮ ವಿದ್ಯಾರ್ಥಿನಿಯು ರಾತ್ರಿ ಮನೆಗೆಲಸ ಮುಗಿದ ಬಳಿಕ ದಿನಕ್ಕೆ ಎರಡೋ ಮೂರೋ ಪದಗಳನ್ನು ಹೀಗೆ ತಿದ್ದುತ್ತಿದ್ದಾಳೆ. ಈ ಲೇಖನವನ್ನು ಅಚ್ಚಿಗೆ ಕೊಡುವ ಹೊತ್ತಿಗೆ 131 ಮುಗಿದಿವೆಯೆಂದು ತಿಳಿಸಿದಳು.